ಕಪ್ತಾನನ ಚೀಲ

"ಈ ಮನೆಗೆ ಬರೋದಾದ್ರೆ ತಮ್ಮನಾಗಿ ಬಾ. ನಿನ್ನ ಕೆಲಸಾನ ಗೇಟಿನಾಚೆ ಬಿಟ್ಟು ಬಾ. ಮಾತು ಕೊಡು."

ಅಕ್ಕ ಹಾಗೆಂದು ಕೈ ಚಾಚಿದ್ದಳು. ಆಗಿನ್ನೂ ಅವಳ ತಮ್ಮ ತನಿಖೆಗಾರನಾಗಿ ಇನ್ಶೂರೆನ್ಸ್ ಕಂಪನಿಗೆ ಸೇರಿದ್ದ ಹೊಸತು. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದ ಮನೆಯಾಕೆ ಆಡಿದ ಒಂದು ಮಾತನ್ನು ಕಿವಿಯಲ್ಲಿಟ್ಟುಕೊಂಡು ಹೋಗಿ, ಆಕೆಯ ಗಂಡನ ಸುಟ್ಟ ಅಂಗಡಿಯ ಫೈಲಿಗೆ ಸೇರಿಸಿದ್ದ. ಅಂಗಡಿಯವನಿಗೆ ಬರಬೇಕಾದದ್ದು ಬರಲಿಲ್ಲ. ಅಕ್ಕನಿಗೆ ಇದ್ದ ಒಬ್ಬಳೇ ಗೆಳತಿ ಮಾತು ಬಿಟ್ಟಳು.

ತಮ್ಮ ಅವಳ ಕೈ ಮೇಲೆ ಕೈ ಇಟ್ಟಿದ್ದ. "ಕೊಟ್ಟೆ."

ಈಗ ಅವನ ತಲೆ ನರೆತಿದೆ. ಹೆಂಡತಿ ತನ್ನ ದಾರಿ ತಾನು ನೋಡಿಕೊಂಡು ಬಹಳ ಕಾಲವಾಯಿತು. ಬಾಡಿಗೆ ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಮಾತಾಡಿಸಿದರೆ ಸದ್ದು ಮಾಡುವ ಒಂದು ಫ್ರಿಜ್. ವಾರಕ್ಕೊಮ್ಮೆ ಅಕ್ಕನ ಮನೆಯ ಊಟ. ಈ ಭೂಮಿಯ ಮೇಲೆ ಅವನು ಬರುತ್ತಾನೆಂದು ಎರಡನೇ ಸಲ ಪಾತ್ರೆ ಒಲೆಗೇರುವ ಮನೆ ಅದೊಂದೇ. ಕೊಟ್ಟ ಮಾತನ್ನು ಅವನು ಕಣ್ಣಿನ ರೆಪ್ಪೆಯ ಹಾಗೆ ಕಾಯ್ದುಕೊಂಡು ಬಂದಿದ್ದ.

ಅಂಥವನು ಈ ಮಧ್ಯಾಹ್ನ ಹಡಗು ಏಜೆನ್ಸಿಯ ಕಚೇರಿಯಲ್ಲಿ ಒಂದು ಫೋಟೋ ಹಿಡಿದು ಬೆವರುತ್ತಿದ್ದ.

ಫೋಟೋ ಕಡಲಾಚೆಯ ಬಂದರಿನಿಂದ ಬಂದದ್ದು. ಅದರಲ್ಲಿದ್ದುದು ಒಂದು ಬಿಎಲ್. ಹಡಗಿಗೆ ಸರಕು ಹತ್ತಿದಾಗ ಏಜೆಂಟರು ಬರೆದುಕೊಡುವ ಕಾಗದ ಅದು. ಬರೀ ರಶೀದಿಯಲ್ಲ, ಅದನ್ನು ಯಾರು ಹಿಡಿದಿರುತ್ತಾರೋ ಸರಕು ಅವರದು. ಆ ಕಾಗದವನ್ನು ಯಾರೋ ಅಲ್ಲಿ ತೋರಿಸಿ, ಒಂದು ಹಡಗಿನಷ್ಟು ತಾಮ್ರವನ್ನು ಇಳಿಸಿಕೊಂಡು ಹೋಗಿದ್ದರು.

ತೊಂದರೆ ಏನೆಂದರೆ, ಅಂಥ ಕಾಗದ ಇರಲೇಬಾರದಿತ್ತು.

"ಇನ್ನೊಂದು ಸಲ ಹೇಳಿಬಿಡ್ತೀನಿ, ಕೇಳಿ," ಅಂದ ಏಜೆನ್ಸಿಯ ವಕೀಲ. ಅವನಿಗೆ ಹೇಳುವುದೆಂದರೆ ಹಬೆಯಾಡುವ ಊಟದಷ್ಟೇ ಇಷ್ಟ. "ನಮ್ಮಲ್ಲಿ ಹೊಸ ಕಾಯ್ದೆ ಬಂದಿದೆ. ಕಂಪ್ಯೂಟರಿನಲ್ಲಿರೋ ಬಿಎಲ್‌ಗೂ ಕಾಗದದ ಬಿಎಲ್‌ಗೂ ಒಂದೇ ತೂಕ. ಷರತ್ತು ಇಷ್ಟೇ, ಅದು ಒಂದು ಸಲಕ್ಕೆ ಒಬ್ಬರ ಹಿಡಿತದಲ್ಲಿರಬೇಕು. ಈ ತಾಮ್ರದ ಕಾಗದಗಳನ್ನ ರದ್ದು ಮಾಡಿ, ಕಂಪ್ಯೂಟರಿಗೆ ಏರಿಸಿ, ಬ್ಯಾಂಕಿಗೆ ದಾಟಿಸಿದ್ದಾಯ್ತು. ನಮ್ಮ ಕಾನೂನಿನ ಪ್ರಕಾರ ತಾಮ್ರ ಬ್ಯಾಂಕಿಂದು."

"ಆಚೆ ಕಡೆ?"

"ಆಚೆ ಕಡೆ ಆ ಮಸೂದೆ ಸಮಿತಿಯಿಂದ ಸಮಿತಿಗೆ ಅಲೀತಾ ಇದೆ. ಅವರಿಗೆ ಕಾಗದವೇ ದೇವರು. ಕಾಗದ ತೋರಿಸಿದವನೇ ಒಡೆಯ. ಅವರ ಕಾನೂನಿನ ಪ್ರಕಾರ ಅವರದೂ ಸರಿ."

"ಎತ್ತು ಏರಿಗೆಳೀತು, ಕೋಣ ನೀರಿಗೆಳೀತು."

"ತಾಮ್ರ ಮಾತ್ರ ಮಾಯ ಆಯ್ತು," ಅಂದ ವಕೀಲ. "ಕಂಪ್ಯೂಟರಿನ ಬಿಎಲ್‌ಗೆ ಕೀಲಿ ಇದ್ದದ್ದು ಒಬ್ಬಳ ಹತ್ರ. ಅವಳೇ ಅದನ್ನ ಪ್ರಿಂಟ್ ತೆಗೆದು ಮಾರ್ಕೊಂಡಿದ್ದಾಳೆ. ಸಂಜೆ ಪೊಲೀಸಿನವರು ಬರ್ತಾರೆ. ಅಷ್ಟರೊಳಗೆ ನಿಮ್ಮ ವರದಿ ಬಂದ್ರೆ ಸಂತೋಷ, ಬರದಿದ್ರೂ ದೂರು ಸಿದ್ಧ ಇದೆ."

ಅವಳು ಗಾಜಿನ ಕೋಣೆಯಲ್ಲಿ ಕೂತಿದ್ದಳು. ಕಚೇರಿಯವರು ಅವಳನ್ನು ಕರೆಯುವುದೇ ಕೀಲಿಕೈ ಎಂದು. ಕೂದಲನ್ನು ಪೆನ್ಸಿಲಿನಿಂದ ಸಿಕ್ಕಿಸಿಕೊಂಡ ಸಣ್ಣ ಪ್ರಾಣಿ. ಎದುರಿಗೆ ಯಾರೋ ಇಟ್ಟುಹೋದ ಚಹಾದ ಮೇಲೆ ಕೆನೆಗಟ್ಟಿತ್ತು. ನಿನ್ನೆಯವರೆಗೆ ಅವಳ ಜೊತೆ ಊಟದ ಡಬ್ಬಿ ಹಂಚಿಕೊಂಡವರು ಈವತ್ತು ಗಾಜಿನ ಪಕ್ಕ ಹಾದುಹೋಗುವಾಗ ಫೋನಿನಲ್ಲಿ ಮುಖ ಹುದುಗಿಸಿಕೊಳ್ಳುತ್ತಿದ್ದರು.

ತನಿಖೆಗಾರ ಎದುರು ಕುರ್ಚಿ ಎಳೆದುಕೊಂಡ.

"ಕಾಗದದ ಬಿಎಲ್‌ನ ಯಾವಾಗಲೂ ಮೂರು ಅಸಲು ಪ್ರತಿ ಮಾಡ್ತೀರಿ, ಅಲ್ವಾ?"

"ಹೌದು ಸರ್. ಅಪ್ಪಂದಿರ ಕಾಲದಿಂದ ಮೂರೇ."

"ಮೂರನ್ನೂ ರದ್ದು ಮಾಡಿದ್ದನ್ನ ನೀನು ಕಣ್ಣಾರೆ ನೋಡಿದೆಯಾ?"

"ಸರ್ ಹೇಳಿದ್ರು, ಸೆಟ್ ರದ್ದಾಯ್ತು, ಏರಿಸು ಅಂತ. ನಾನು ಏರಿಸಿದೆ."

"ಯಾವ ಸರ್?"

"ನಮ್ಮ ಸರ್. ದಾಖಲೆ ವಿಭಾಗದವರು. ಈಗ ಕಾಲು ಮುರ್ಕೊಂಡು ಮನೇಲಿದ್ದಾರಲ್ಲ, ಅವರು." ಅವಳ ದನಿ ಗಟ್ಟಿಯಾಯಿತು. "ಅವರನ್ನ ಇದಕ್ಕೆ ಎಳೀಬೇಡಿ. ನನಗೆ ಕೆಲಸ ಕಲಿಸಿದವರು. ನೋಡದೆ ಒಂದು ಸೀಲೂ ಒತ್ತೋರಲ್ಲ."

"ನಿನ್ನ ಕುತ್ತಿಗೆಗೆ ಬಂದಿದೆ, ನೀನು ಅವರ ಕಾಲಿಗೆ ಮುಲಾಮು ಹಚ್ತಾ ಇದೀಯಲ್ಲಮ್ಮ."

"ನನ್ನ ಕುತ್ತಿಗೆ ನನ್ನದು ಸರ್."

ಅವನು ಮತ್ತೆ ಫೋಟೋ ನೋಡಿದ. ವಕೀಲ ಕಾಗದದ ಮೇಲಿನ ಅಕ್ಷರ, ಸೀಲು, ಸಹಿಗಳನ್ನೆಲ್ಲ ದೀಪ ಹಿಡಿದು ನೋಡಿದ್ದ. ಮಡಿಕೆಯನ್ನು ಯಾರೂ ನೋಡಿರಲಿಲ್ಲ.

ಕಾಗದವನ್ನು ಮೊದಲು ಉದ್ದಕ್ಕೆ ಮಡಚಿ, ಆಮೇಲೆ ಅಡ್ಡಕ್ಕೆ ಮಡಚಿ, ಕೊನೆಗೆ ಒಂದು ಮೂಲೆಯನ್ನು ಒಳಕ್ಕೆ ಸಿಕ್ಕಿಸಿದ ಗುರುತು. ಬಿಚ್ಚಿಕೊಳ್ಳಬಾರದೆಂದು ಹಾಗೆ ಸಿಕ್ಕಿಸುವವರು ಅವನಿಗೆ ಗೊತ್ತಿದ್ದಂತೆ ಇಡೀ ಜಗತ್ತಿನಲ್ಲಿ ಒಬ್ಬರೇ. ಓದಿ ಮುಗಿಸಿದ ಪತ್ರಿಕೆ, ಔಷಧಿ ಅಂಗಡಿಯ ಚೀಟಿ, ಊಟವಾದ ಮೇಲೆ ಬಾಯೊರೆಸಿದ ಕಾಗದ, ಎಲ್ಲವನ್ನೂ ಅವರು ಹಾಗೇ ಮಡಚುತ್ತಾರೆ. ವಾರವಾರವೂ ಅವರ ಎದುರು ಕೂತು ಉಂಡವನಿಗೆ ಅದು ಅವರ ಕೈಬರಹದಷ್ಟೇ ಪರಿಚಯ.

ಕೀಲಿಕೈಯ ಸರ್ ಅವನ ಭಾವ. ಅಕ್ಕನ ಗಂಡ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಕ್ಕನ ಮನೆಯ ದಾರಿಯುದ್ದಕ್ಕೂ ಅವನು ಅದನ್ನೇ ಯೋಚಿಸಿದ. ಮಾತು ಕೊಟ್ಟದ್ದು ಮನೆಗೆ. ಗೇಟಿನಾಚೆ ನಿಂತರೆ ಮನೆಯಾಗುವುದಿಲ್ಲ. ಇಂಥ ಲೆಕ್ಕಾಚಾರವನ್ನು ಬೇರೆ ಯಾರಾದರೂ ಅವನ ಮುಂದೆ ಮಂಡಿಸಿದ್ದರೆ ಅವನು ಒಂದೇ ಪ್ರಶ್ನೆಯಲ್ಲಿ ನೆಲಕ್ಕೆ ಕೆಡವುತ್ತಿದ್ದ.

ಭಾವ ಅಂಗಳದಲ್ಲೇ ಕೂತಿದ್ದರು. ಪ್ಲಾಸ್ಟರ್ ಹಾಕಿದ ಕಾಲು ಎದುರಿನ ಸ್ಟೂಲಿನ ಮೇಲೆ, ಬಿಳಿ ಬೆಕ್ಕು ಮಲಗಿದ ಹಾಗೆ. ಗೇಟಿಗೂ ಅವರ ಕುರ್ಚಿಗೂ ಮಾರು ದೂರ. ತನಿಖೆಗಾರ ಗೇಟಿನ ಸರಳು ಹಿಡಿದು ಆಚೆಯೇ ನಿಂತ.

"ಈವತ್ತು ನಿನ್ನ ವಾರ ಅಲ್ವಲ್ಲ," ಅಂದರು ಭಾವ.

ಸದ್ದು ಕೇಳಿ ಅಕ್ಕ ಬಾಗಿಲಿಗೆ ಬಂದಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು. "ಏನೋ ಪುಟ್ಟ, ವಸೂಲಿಗೆ ಬಂದವನ ಹಾಗೆ ಗೇಟು ಹಿಡ್ಕೊಂಡು ನಿಂತಿದೀಯಾ? ಒಳಗೆ ಬಾ."

"ಭಾವನ ಹತ್ರ ಎರಡು ಮಾತು. ಇಲ್ಲಿಂದಲೇ ಆಗುತ್ತೆ ಅಕ್ಕ."

ಅಕ್ಕನ ಮುಖ ಬದಲಾಯಿತು. ಅವಳು ತಮ್ಮನನ್ನೂ ಗೇಟನ್ನೂ ಒಮ್ಮೆ ನೋಡಿ, ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಂದು ಲೋಟ ಚಹಾ ತಂದು, ಅವನ ಕೈಗೆ ಕೊಡದೆ, ಗೇಟಿನ ಕಂಬದ ಮೇಲಿಟ್ಟು ಹೊರಟುಹೋದಳು.

"ಗಡಿಯಲ್ಲಿ ಚಹಾ ಕೊಡ್ತಾ ಇದಾಳೆ," ಅಂದರು ಭಾವ. "ಹೇಳು. ಅಲ್ಲಿ ನಿಂತ್ಕೊಂಡು ಕೇಳೋದು ಏನಿದೆ?"

ತನಿಖೆಗಾರ ಫೋಟೋವನ್ನು ಸರಳಿನ ನಡುವೆ ಚಾಚಿದ. ಭಾವ ಊರುಗೋಲಿನಿಂದ ಎದ್ದು ಬಂದು ತೆಗೆದುಕೊಂಡರು. ನೋಡಿದರು. ಅವರ ಹೆಬ್ಬೆರಳು ತಾನೇತಾನಾಗಿ ಫೋಟೋದ ಮೂಲೆಯನ್ನು ಒಳಕ್ಕೆ ಬಗ್ಗಿಸತೊಡಗಿತು. ಅದು ತಿಳಿದು ಸರಕ್ಕನೆ ಕೈ ಬಿಟ್ಟರು.

"ಕಪ್ತಾನನ ಚೀಲ," ಅಂದರು.

"ಬಿಡಿಸಿ ಹೇಳಿ ಭಾವ."

"ಹಳೇ ಪದ್ಧತಿ ಕಣಯ್ಯ. ಅಂಚೆಗಿಂತ ಹಡಗು ಮೊದಲು ಮುಟ್ಟಿಬಿಡ್ತಾ ಇತ್ತು. ಸರಕು ಬಂದು ಕೂತಿದೆ, ಕಾಗದ ಬಂದಿಲ್ಲ ಅನ್ನೋ ಹಾಗಾಗ್ತಿತ್ತು. ಅದಕ್ಕೆ ಮೂರರಲ್ಲಿ ಒಂದು ಅಸಲನ್ನ ಕಪ್ತಾನನ ಚೀಲದಲ್ಲೇ ಹಾಕಿ ಕಳಿಸೋದು. ಎಷ್ಟು ಹಡಗಿಗೆ ಹಾಕಿದೀನೋ. ಅವತ್ತೂ ಬೆಳಿಗ್ಗೆ ಹಡಗು ಬಿಡೋ ಗಡಿಬಿಡಿ. ಮಡಚಿದೆ, ಲಕೋಟೆಗೆ ಹಾಕಿದೆ, ಚೀಲಕ್ಕೆ ಸೇರಿಸಿದೆ. ಕೈಗೆ ಗೊತ್ತಿತ್ತು, ತಲೆಗೆ ಗೊತ್ತಾಗಲಿಲ್ಲ."

"ಮಧ್ಯಾಹ್ನ ಕಂಪ್ಯೂಟರಿಗೆ ಏರಿಸಬೇಕು ಅಂತ ಹೇಳಿಕೆ ಬಂತು."

"ಬಂತು. ತಿಜೋರಿಯಿಂದ ಸೆಟ್ಟಿನ ಕವರು ತೆಗೆದೆ, ರದ್ದು ಸೀಲು ಒತ್ತಿದೆ, ಹುಡುಗಿಗೆ ಹೇಳಿದೆ. ಕವರಿನೊಳಗೆ ಎರಡೇ ಇದೆ ಅಂತ ರಾತ್ರಿ ಹಾಸಿಗೆ ಮೇಲೆ ಹೊಳೀತು." ಭಾವ ಕುರ್ಚಿಗೆ ಮರಳಿ ಕುಸಿದರು. "ಇಡೀ ಜನ್ಮದಲ್ಲಿ ಒಂದೇ ಒಂದು ತಪ್ಪು. ಅದೂ ರಿಟೈರ್ ಆಗೋ ವಾರ."

"ಸುಮ್ಮನಿದ್ದುಬಿಟ್ಟಿರಾ?"

"ಸುಮ್ಮನಿರ್ತೀನಾ? ಬೆಳಿಗ್ಗೆ ಎದ್ದ ತಕ್ಷಣ ಕಪ್ತಾನನಿಗೆ ಫೋನ್ ಮಾಡಿದೆ. ಲಕೋಟೆ ಒಡೀಬೇಡ, ಯಾರಿಗೂ ಕೊಡಬೇಡ, ವಾಪಸ್ ತಗೊಂಡು ಬಾ ಅಂದೆ. ಆಯ್ತು ಅಂದ. ನಿಮ್ಮ ಆಫೀಸಿಗೂ ಹೇಳಿದೆ."

ತನಿಖೆಗಾರ ಕಂಬದ ಮೇಲಿಂದ ಎತ್ತಿದ ಲೋಟ ಅರ್ಧ ದಾರಿಯಲ್ಲೇ ನಿಂತಿತು. "ನಮ್ಮ ಆಫೀಸಿಗಾ?"

"ಸರಕಿಗೆ ವಿಮೆ ನಿಮ್ಮದೇ ಅಲ್ವಾ. ಒಂದು ಅಸಲು ಕಪ್ತಾನನ ಹತ್ರ ಇದೆ ಅಂತ ತಿಳಿಸಬೇಕಾದ್ದು ಧರ್ಮ. ನಿನ್ನನ್ನ ಕೇಳೋ ಹಾಗಿರಲಿಲ್ಲ. ಈ ಮನೇಲಿ ಆ ಸುದ್ದಿ ಎತ್ತೋ ಹಾಗಿಲ್ವಲ್ಲ. ಹಡಗಿನ ವಿಭಾಗಕ್ಕೆ ಮಾಡಿದೆ. ಯಾರೋ ಗಂಡಸು ಎತ್ತಿದ. ಬರ್ಕೊಂಡಿದೀನಿ, ನೋಡ್ಕೋತೀವಿ ಅಂದ. ಅವತ್ತೇ ಬಚ್ಚಲಲ್ಲಿ ಜಾರಿ ಬಿದ್ದೆ. ಆಸ್ಪತ್ರೆ ಸೇರಿದ್ದೂ ಆಯ್ತು."

ಈ ತಾಮ್ರದ ಫೈಲನ್ನು ತನಿಖೆಗಾರ ಮೊದಲ ಹಾಳೆಯಿಂದ ಕೊನೆಯವರೆಗೆ ಓದಿದ್ದ. ಅಂಥ ಒಂದು ಸಾಲೂ ಅದರಲ್ಲಿರಲಿಲ್ಲ.

ಅವನು ತನ್ನ ಫೋನು ತೆಗೆದ. "ಕಪ್ತಾನನ ನಂಬರು ಹೇಳಿ."

ಕಪ್ತಾನ ಬೇರೆ ಯಾವುದೋ ಬಂದರಿನಲ್ಲಿದ್ದ. ಸ್ಪೀಕರಿನಲ್ಲಿ ಗಾಳಿ, ಸರಪಳಿ, ಯಾರದೋ ಕೂಗು. ಭಾವನ ದನಿ ಕೇಳಿ ಅವನು ನಕ್ಕ. "ಕಾಲು ಹೇಗಿದೆ ಯಜಮಾನ್ರೇ? ಇನ್ನೂ ಲಂಗರು ಹಾಕಿದೀರಾ?"

"ಇನ್ನೂ ಹಾಕಿದೀನಿ. ಆ ಲಕೋಟೆ ಎಲ್ಲಿ?"

"ಕೊಟ್ಟೆನಲ್ಲ."

"ಕೊಡಬೇಡ ಅಂದಿದ್ದೆ."

"ಅಂದಿದ್ರಿ. ಆಮೇಲೆ ಕೊಡಿ ಅಂತ ನಿಮ್ಮ ಮನೆಯಿಂದಲೇ ಫೋನ್ ಬಂತಲ್ಲ. ನಿಮ್ಮ ಮನೆ ನಂಬರೇ, ನನ್ನ ಫೋನಲ್ಲಿ ಹೆಸರು ಸಮೇತ ಬಂತು. ಅಲ್ಲೊಬ್ಬರು ಬರ್ತಾರೆ, ಅವರ ಕೈಗೆ ಕೊಟ್ಬಿಡಿ ಅಂದ್ರು. ನೀವೇ ಹೇಳಿಸಿದ್ದು ಅಂದ್ಕೊಂಡೆ."

"ಯಾರು ಮಾತಾಡಿದ್ದು?" ತನಿಖೆಗಾರ ಕೇಳಿದ.

"ಹೆಂಗಸರು."

"ವಯಸ್ಸಾದವರಾ, ಹುಡುಗಿಯಾ?"

"ನಡು ಸಮುದ್ರದಲ್ಲಿ ಲೈನು ಕರಕರ ಅಂತಿರುತ್ತೆ ಸ್ವಾಮಿ. ಹೆಂಗಸರು ಅಂತ ಗೊತ್ತಾಗಿದ್ದೇ ಹೆಚ್ಚು."

ತನಿಖೆಗಾರ ಫೋನು ಇಟ್ಟ. ರಸ್ತೆಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಅಡಿಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತ್ತು.

"ನಾನು ಆಸ್ಪತ್ರೇಲಿದ್ದಾಗ," ಅಂದರು ಭಾವ, ನೆಲ ನೋಡುತ್ತ. "ಹುಡುಗಿ ದಿನಾ ಸಂಜೆ ಇಲ್ಲಿಗೆ ಬರ್ತಿದ್ಲು. ನಿಮ್ಮಕ್ಕನಿಗೆ ಜೊತೆ ಆಗಲಿ ಅಂತ. ಕೆಲವು ದಿನ ಇಲ್ಲೇ ಮಲಗ್ತಿದ್ಲು."

ಅಷ್ಟು ಸಾಕಾಗಿತ್ತು. ಈ ಮನೆಯ ಫೋನು, ಹೆಂಗಸಿನ ದನಿ, ಇಲ್ಲಿ ಮಲಗುತ್ತಿದ್ದ ಕೀಲಿಕೈ. ವಕೀಲನ ಕೈಗೆ ಇದನ್ನು ಕೊಟ್ಟರೆ ಅವನು ಪ್ರಿಂಟಿನ ಕಥೆ ಬಿಟ್ಟು ಫೋನಿನ ಕಥೆ ಹಿಡಿಯುತ್ತಾನೆ. ಹುಡುಗಿಯ ಕುತ್ತಿಗೆಗೆ ಹಗ್ಗ ಬದಲಾಗುತ್ತದೆ, ಗಂಟು ಅದೇ.

ಆ ಮನೆಯಲ್ಲಿ ಆಗ ಇದ್ದದ್ದು ಇಬ್ಬರೇ ಹೆಂಗಸರು.

"ಎಲ್ಲಾ ನನ್ನ ಮೇಲೆ ಬರಿ," ಅಂದರು ಭಾವ. "ಲಕೋಟೆ ಹಾಕಿದ್ದೂ ನಾನೇ, ಕೊಡಿಸಿದ್ದೂ ನಾನೇ ಅಂತ ಬರಿ."

"ಕಪ್ತಾನ ಹೆಂಗಸು ಅಂತಾನೆ. ನೀವು ಆಸ್ಪತ್ರೇಲಿದ್ರಿ ಅಂತ ಆಸ್ಪತ್ರೆ ಹೇಳುತ್ತೆ. ಸುಳ್ಳು ಒಂದು ರಾತ್ರೀನೂ ನಿಲ್ಲಲ್ಲ."

"ಹಾಗಾದ್ರೆ ಹೊರಟುಹೋಗು. ಗೇಟಿನಾಚೆ ಇದೀಯ, ಹಾಗೇ ತಿರುಗಿ ಹೋಗು." ಭಾವ ಊರುಗೋಲನ್ನು ರಸ್ತೆಯ ಕಡೆ ಚಾಚಿದರು. "ಕೇಳಿದ್ರೆ ನಿನಗೆ ಈ ಮನೆ ಇರಲ್ಲ. ನಿನಗಿರೋದೇ ಇದೊಂದು."

ಅದು ಅವನಿಗೆ ಗೊತ್ತಿರಲಿಲ್ಲವೇ? ಬಾಡಿಗೆ ಮನೆಯ ಫ್ರಿಜ್ಜಿನ ಗುರ್ ಎನ್ನುವ ಸದ್ದು ಅಲ್ಲಿಂದ ಇಲ್ಲಿಗೆ ಕೇಳಿಸಿದ ಹಾಗಾಯಿತು. ವಾರದ ಒಂದು ಊಟ. ಇನ್ನೊಂದು ಚೂರು ಹಾಕ್ಕೋ ಎನ್ನುವ ಒಂದು ದನಿ. ಜ್ವರ ಬಂದರೆ ಹೇಳಿಕೊಳ್ಳಲು ಒಂದು ನಂಬರು. ಇಷ್ಟನ್ನು ಒಂದು ತಟ್ಟೆಯಲ್ಲಿಟ್ಟು, ಗಾಜಿನ ಕೋಣೆಯಲ್ಲಿ ಕೆನೆಗಟ್ಟಿದ ಚಹಾದ ಮುಂದೆ ಒಬ್ಬಳೇ ಕೂತವಳನ್ನು ಇನ್ನೊಂದು ತಟ್ಟೆಯಲ್ಲಿಟ್ಟರೆ ತಕ್ಕಡಿ ಯಾವ ಕಡೆ ವಾಲಬೇಕು ಎಂದು ಅವನಿಗೆ ತಿಳಿಯಲಿಲ್ಲ. ಫೋನು ನಡುಗಿತು. ವಕೀಲ. ಅವನು ಎತ್ತಲಿಲ್ಲ.

ಅವಳಿಗೂ ಯಾರೋ ಅಮ್ಮ, ಅಪ್ಪ ಇದ್ದಾರು. ಇಲ್ಲದಿರಲೂಬಹುದು. ಅವನು ಕೇಳಿಯೇ ಇರಲಿಲ್ಲ.

ಗೇಟಿನ ಚಿಲಕ ತೆಗೆದ.

"ಬೇಡ ಕಣೋ," ಅಂದರು ಭಾವ.

ಅಕ್ಕ ಅಡಿಗೆಮನೆಯ ಮೇಜಿನ ಪಕ್ಕ ನಿಂತಿದ್ದಳು. ಕೈ ತೊಳೆದುಕೊಂಡಿದ್ದಳು, ಒರೆಸಿಕೊಂಡಿರಲಿಲ್ಲ. ನೀರು ಬೆರಳ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಅವಳಿಗೆ ಎಲ್ಲ ಕೇಳಿಸಿತ್ತು.

"ಭಾವ ಆಸ್ಪತ್ರೇಲಿದ್ದಾಗ ಈ ಫೋನಿಂದ ಕಪ್ತಾನನಿಗೆ ಮಾತಾಡಿದ್ದು ಯಾರು?"

ಅಕ್ಕ ಅವನ ಮುಖವನ್ನು ಹುಡುಕಿದಳು. ಚಿಕ್ಕವನಿದ್ದಾಗ ಬಿದ್ದು ಬಂದರೆ ಎಲ್ಲಿ ಪೆಟ್ಟಾಗಿದೆ ಎಂದು ಹುಡುಕುತ್ತಿದ್ದ ಹಾಗೆ.

"ಯಾರು ಕೇಳ್ತಾ ಇರೋದು? ನನ್ನ ತಮ್ಮನಾ, ಇನ್ಶೂರೆನ್ಸಿನವನಾ?"

ತಮ್ಮ ಎಂದುಬಿಟ್ಟರೆ ಅವಳು ಹೇಳುತ್ತಿದ್ದಳು. ಆದರೆ ತಮ್ಮನಿಗೆ ಹೇಳಿದ್ದನ್ನು ವರದಿಗೆ ಬರೆಯುವ ಹಾಗಿಲ್ಲ. ಹಾಗೆ ಬರೆದವನೊಬ್ಬನನ್ನು ಅವನು ಚೆನ್ನಾಗಿ ಬಲ್ಲ.

"ಇನ್ಶೂರೆನ್ಸಿನವನು."

ಅಕ್ಕ ತಲೆಯಾಡಿಸಿದಳು. ಕೋಪ ಬಂದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳು ಒಂದು ಕುರ್ಚಿ ಎಳೆದು ಅವನ ಕಡೆ ತಿರುಗಿಸಿದಳು, ಅಪರಿಚಿತರಿಗೆ ತಿರುಗಿಸುವ ಹಾಗೆ.

"ಕೂತ್ಕೊಳ್ಳಿ. ಮಾತಾಡಿದ್ದು ನಾನೇ. ಹುಡುಗಿ ಆಗ ಔಷಧಿ ತರೋಕೆ ಹೋಗಿದ್ಲು. ಅವಳಿಗೆ ಏನೂ ಗೊತ್ತಿಲ್ಲ."

"ಯಾಕೆ?"

"ನೀವು ಹೇಳಿಸಿದ್ರಿ ಅಂತ."

ಅವನಿಗೆ ಅರ್ಥವಾಗಲಿಲ್ಲ.

"ನಿಮ್ಮ ಆಫೀಸಿಂದ ಫೋನ್ ಬಂತು. ಗಂಡಸರು. ಮರ್ಯಾದೆಯಾಗಿ ಮಾತಾಡಿದ್ರು. ನಿಮ್ಮ ತಮ್ಮ ಹೇಳಿಸಿದಾನೆ, ಕಪ್ತಾನರ ಹತ್ರ ಒಂದು ಲಕೋಟೆ ಇದೆ, ಬಂದೋರ ಕೈಗೆ ಕೊಡೋಕೆ ಹೇಳಿಬಿಡಿ, ಇಲ್ಲಾಂದ್ರೆ ಅವನ ಕೆಲಸಕ್ಕೆ ಸಂಚಕಾರ ಅಂದ್ರು. ಅವನೇ ಮಾತಾಡೋ ಹಾಗಿಲ್ಲ, ನಿಮಗೆ ಮಾತು ಕೊಟ್ಟಿದಾನಂತಲ್ಲ ಅಂದ್ರು." ಅಕ್ಕ ಬೆರಳ ನೀರನ್ನು ಈಗ ಸೆರಗಿಗೆ ಒರೆಸಿಕೊಂಡಳು. "ಆ ಮಾತು ನನಗೂ ನಮ್ಮ ಯಜಮಾನರಿಗೂ ನನ್ನ ತಮ್ಮನಿಗೂ ಬಿಟ್ಟು ಬೇರೆಯವರಿಗೆ ಗೊತ್ತಿರಲಿಲ್ಲ. ಅದಕ್ಕೆ ನಂಬಿದೆ. ಅವನು ಹುಟ್ಟಿದಾಗಿನಿಂದ ನನ್ನ ಹತ್ರ ಏನೂ ಕೇಳಿದವನಲ್ಲ. ಮೊದಲನೇ ಸಲ ಏನೋ ಕೇಳಿದಾನೆ ಅಂತ ಮಾಡಿದೆ. ಆಮೇಲೆ ಅವನು ವಾರವಾರ ಬಂದು ಉಂಡು ಹೋದ. ಕೆಲಸದ ಸುದ್ದಿ ಈ ಮನೇಲಿ ಎತ್ತಬಾರದು ಅಂತ ನಾನೇ ಹೇಳಿದ್ದೆ, ನಾನೂ ಎತ್ತಲಿಲ್ಲ."

ಅಂಗಳದಲ್ಲಿ ಭಾವನ ಊರುಗೋಲು ನೆಲಕ್ಕೆ ಬಿದ್ದ ಸದ್ದಾಯಿತು. ಯಾರೂ ಎತ್ತಲು ಹೋಗಲಿಲ್ಲ.

ಆ ಮಾತಿನ ಕಥೆಯನ್ನು ತನಿಖೆಗಾರ ಒಬ್ಬರಿಗೆ ಹೇಳಿದ್ದ. ಒಬ್ಬರಿಗೆ ಮಾತ್ರ. ಯಾವುದೋ ಊರಿನ ತನಿಖೆಗೆ ಹೋದಾಗ, ಹೋಟೆಲಿನ ಕೋಣೆಯಲ್ಲಿ, ಮಾತಾಡಲು ಯಾರೂ ಇಲ್ಲವೆಂಬ ಒಂದೇ ಕಾರಣಕ್ಕೆ. ಆ ಮನುಷ್ಯ ಕನಿಕರದಿಂದ ಕೇಳಿಸಿಕೊಂಡಿದ್ದರು. ಈ ತಾಮ್ರದ ಫೈಲನ್ನು ಅವನ ಮೇಜಿನ ಮೇಲಿಟ್ಟು, ನೀನೇ ನೋಡು, ಬೇರೆ ಯಾರ ಮೇಲೂ ನನಗೆ ನಂಬಿಕೆಯಿಲ್ಲ ಎಂದವರೂ ಅವರೇ. ಅವನ ಮೇಲಧಿಕಾರಿ, ಹಡಗಿನ ವಿಭಾಗದ ಮುಖ್ಯಸ್ಥರು.

ಈ ವರದಿ ಬರೆದರೆ ಹುಡುಗಿ ಬಿಡುಗಡೆಯಾಗುತ್ತಾಳೆ. ಅದರಲ್ಲಿ ಅಕ್ಕನ ಹೆಸರು ಇರುತ್ತದೆ, ಲಕೋಟೆ ಕೊಡಿಸಿದವನೆಂದು ಅವನ ಹೆಸರೂ ಇರುತ್ತದೆ. ಮತ್ತು ಅದು ಮೊದಲು ಹೋಗಿ ಸೇರುವುದು ಅದೇ ಮನುಷ್ಯನ ಮೇಜಿಗೆ.

ಫೋನು ಮತ್ತೆ ನಡುಗಿತು. ಈ ಸಲ ವಕೀಲನಲ್ಲ. ಮೇಲಧಿಕಾರಿಯ ಹೆಸರು.

ಅವನು ಅದು ನಿಲ್ಲುವವರೆಗೆ ಕಾದು, ಧ್ವನಿಮುದ್ರಣದ ಗುಂಡಿ ಒತ್ತಿ, ಫೋನನ್ನು ಅಕ್ಕನ ಮೇಜಿನ ಮೇಲೆ ಹಿಟ್ಟಿನ ಪಕ್ಕ ಇಟ್ಟ.

"ಮೊದಲಿಂದ ಹೇಳಿ," ಅಂದ.

ಅಕ್ಕನಿಗೆ ಕೊಟ್ಟ ಮಾತನ್ನು ತಮ್ಮ ಮುರಿದ.